ಲಿಂಗಾಧಾರಿತ ವೇತನ ಅಂತರ

ದುಡಿಯುವ ಪುರುಷರ ಮತ್ತು ಮಹಿಳೆಯರ ಸರಾಸರಿ ಗಳಿಕೆಯಲ್ಲಿರುವ ವ್ಯತ್ಯಾಸವನ್ನು ಲಿಂಗಾಧಾರಿತ ವೇತನ ಅಂತರ ಎನ್ನುತ್ತಾರೆ. ಒಂದೇ ಕೆಲಸಕ್ಕೆ ಮಹಿಳೆಗೆ ಕಡಿಮೆ ಕೊಡುವುದು ಇದರ ಒಂದು ಕಾರಣ. ಕೆಲಸವನ್ನೇ ಗಂಡಾಳಿನದು, ಹೆಣ್ಣಾಳಿನದು ಎಂದು ವಿಂಗಡಿಸಿ, ಎರಡನೆಯದಕ್ಕೆ ಕಡಿಮೆ ಬೆಲೆ ಕಟ್ಟುವುದು ಇನ್ನೊಂದು ಕಾರಣ. ಇದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಕಾನೂನು

ಸಮಾನ ಕೆಲಸಕ್ಕೆ ಸಮಾನ ವೇತನವನ್ನು ಭಾರತ ಸಂವಿಧಾನದ 39(ಡಿ) ವಿಧಿಯು ರಾಜ್ಯ ನೀತಿಯ ನಿರ್ದೇಶಕ ತತ್ತ್ವಗಳಲ್ಲಿ ಸೇರಿಸಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1951ರ ಸಮಾನ ವೇತನ ಒಡಂಬಡಿಕೆಯನ್ನು ಭಾರತವು 1958ರಲ್ಲಿ ಅನುಮೋದಿಸಿತು. ಅನಂತರ ಬಂದ 1976ರ ಸಮಾನ ವೇತನ ಕಾಯ್ದೆಯು 'ಒಂದೇ ಅಥವಾ ಒಂದೇ ಬಗೆಯ ಕೆಲಸ'ಕ್ಕೆ ಭೇದ ಮಾಡಬಾರದೆಂದು ವಿಧಿಸಿತು. ಸ್ತ್ರೀ ಶೀಘ್ರಲಿಪಿಕಾರರೊಬ್ಬರ ಪ್ರಕರಣವಾದ ಮ್ಯಾಕಿನನ್ ಮೆಕೆಂಝಿ ವಿರುದ್ಧ ಆಡ್ರೆ ಡಿಕೋಸ್ಟಾ ಮೊಕದ್ದಮೆಯಲ್ಲಿ (1987), ಕಂಪನಿಗೆ ಹಣದ ಮುಗ್ಗಟ್ಟಿದೆ ಎಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ, 2019 ಈ ಕಾಯ್ದೆಯನ್ನು ತನ್ನಲ್ಲಿ ಸೇರಿಸಿಕೊಂಡಿದೆ.

ವರದಿ ಮಾಡುವ ಪದ್ಧತಿ

ಬ್ರಿಟನ್ನಿನಲ್ಲಿ 250 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ತಮ್ಮ ವೇತನ ಅಂತರವನ್ನು ಪ್ರತಿ ವರ್ಷ ಪ್ರಕಟಿಸಬೇಕೆಂಬ ನಿಯಮ 2017ರಲ್ಲಿ ಬಂದಿತು. ಭಾರತದಲ್ಲಿ 2022–23ರಿಂದ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ಷೇರುಪೇಟೆ ಕಂಪನಿಗಳು ಪುರುಷ ಮತ್ತು ಮಹಿಳಾ ನೌಕರರ ವೇತನದ ಮಧ್ಯಾಂಕವನ್ನು ಸೆಬಿ ಕಡ್ಡಾಯಗೊಳಿಸಿರುವ ವರದಿಯಲ್ಲಿ ತೋರಿಸಬೇಕು. ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಅಂಕಿಗಳು ಹೀಗೆ ಸಾರ್ವಜನಿಕರಿಗೆ ದೊರೆಯುತ್ತವೆ. ಹೊಲದ ಕೂಲಿಗೆ ಇಂಥ ವರದಿಯಿಲ್ಲ. ಕೇಂದ್ರದ ಕಾರ್ಮಿಕ ಬ್ಯೂರೋ ಗ್ರಾಮೀಣ ಕೂಲಿ ದರಗಳನ್ನು ಪುರುಷ, ಮಹಿಳೆ ಎಂದು ಬೇರೆಬೇರೆಯಾಗಿ ಪ್ರಕಟಿಸುತ್ತದೆಯಾದರೂ ಅವು ರಾಜ್ಯಮಟ್ಟದ ಸರಾಸರಿಗಳು. ಅವುಗಳಲ್ಲಿ ಒಂದೂರಿನ ಸ್ಥಿತಿ ತಿಳಿಯದು.

ಬಳಗಾನೂರು ಪ್ರದೇಶದ ಉದಾಹರಣೆ

ರಾಯಚೂರು ಜಿಲ್ಲೆಯ ಬಳಗಾನೂರು, ಸಿಂಧನೂರು, ಮಸ್ಕಿ ಭಾಗಗಳಲ್ಲಿ ತುಂಗಭದ್ರಾ ಎಡದಂಡೆ ನಾಲೆಯ ನೀರು ಹರಿಯುವಲ್ಲೆಲ್ಲ ಭತ್ತವೇ ಮುಖ್ಯ ಬೆಳೆ. ಬದು ಕಟ್ಟುವುದು, ಔಷಧ ಸಿಂಪಡಿಸುವುದು, ಚೀಲ ಹೊರುವುದು ಗಂಡಾಳಿನ ಕೆಲಸವೆಂದೂ ಸಸಿ ಕೀಳುವುದು, ನಾಟಿ, ಕಳೆ, ಹತ್ತಿ ಬಿಡಿಸುವುದು ಹೆಣ್ಣಾಳಿನ ಕೆಲಸವೆಂದೂ ರೂಢಿಯಾಗಿದೆ. ಗಂಡಾಳಿನ ದಿನಗೂಲಿ ಹೆಚ್ಚು. ಮೊಣಕಾಲುದ್ದ ಕೆಸರಿನಲ್ಲಿ ಇಡೀ ದಿನ ಬಾಗಿ ನಾಟಿ ಮಾಡುವುದು ಹಗುರ ಕೆಲಸವೆಂದು ಹೇಳುವವರು ಒಮ್ಮೆ ಗದ್ದೆಗಿಳಿದು ನೋಡಬೇಕು! ಎರಡೂ ಬೇರೆ ಬೇರೆ ಕೆಲಸಗಳೆಂದು ಎಣಿಸುವುದರಿಂದ 'ಒಂದೇ ಬಗೆಯ ಕೆಲಸ' ಎಂಬ ಕಾನೂನಿನ ಮಾತು ಇಲ್ಲಿ ಹಿಡಿತಕ್ಕೆ ಬರುವುದು ಕಷ್ಟ.

ನಾಟಿಯನ್ನು ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿದಾಗ ಮಹಿಳೆಯರ ಗುಂಪು ಬಂದ ಹಣವನ್ನು ಸಮನಾಗಿ ಹಂಚಿಕೊಳ್ಳುತ್ತದೆ. ಆಗ ಯಾರಿಗೂ ದಿನಗೂಲಿ ಎಂಬುದೇ ಇರುವುದಿಲ್ಲ. ಆದ್ದರಿಂದ ಹೋಲಿಸಲು ಅಂಕಿಯೂ ಸಿಗುವುದಿಲ್ಲ. ಭತ್ತದ ಕೊಯ್ಲಿಗೆ ಯಂತ್ರಗಳು ಬಂದ ಮೇಲೆ ಆ ದಿನಗಳ ಕೂಲಿಯೂ ಕೈತಪ್ಪಿದೆ.

ಗಂಡಿಗೂ ಹೆಣ್ಣಿಗೂ ಒಂದೇ ದರವನ್ನು ಹಳ್ಳಿಗಳಿಗೆ ತಂದದ್ದು 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ. ಕರ್ನಾಟಕದಲ್ಲಿ ಅದರ ದರ 2025–26ರಲ್ಲಿ ದಿನಕ್ಕೆ 370 ರೂಪಾಯಿ. ಹಣ ನೇರವಾಗಿ ಕೂಲಿಕಾರರ ಖಾತೆಗೆ ಜಮೆಯಾಗುತ್ತಿತ್ತು. ಆದರೆ ಅದು ಗ್ರಾಮೀಣ ಪ್ರದೇಶಕ್ಕಷ್ಟೇ ಅನ್ವಯವಾಗುವ ಕಾಯ್ದೆ. ಬಳಗಾನೂರು ಪಟ್ಟಣ ಪಂಚಾಯಿತಿಯಾದ್ದರಿಂದ, ಹೊಲದ ಕೂಲಿಯನ್ನೇ ನೆಚ್ಚಿಕೊಂಡಿರುವ ಇಲ್ಲಿನ ಮಹಿಳೆಯರಿಗೆ ಸುತ್ತಲಿನ ಹಳ್ಳಿಗಳವರಿಗಿದ್ದ ಆ ಆಸರೆ ಇರಲಿಲ್ಲ.