ಫ್ರೀಡಮ್ ಮತ್ತು ಲಿಬರ್ಟಿ

ಈ ಎರಡು ಇಂಗ್ಲಿಷ್ ಪದಗಳಿಗೂ ಕನ್ನಡದಲ್ಲಿ ನಾವು ‘ಸ್ವಾತಂತ್ರ್ಯ’ ಎಂದೇ ಹೇಳುತ್ತೇವೆ. ಆದರೆ ಅವುಗಳ ಹುಟ್ಟು ಬೇರೆ ಬೇರೆ.

ಫ್ರೀಡಮ್ ಹಳೆಯ ಇಂಗ್ಲಿಷಿನ ಸ್ವಂತ ಪದ. ಅದರ ಬೇರಿನಲ್ಲಿ ‘ಪ್ರೀತಿ’ಯ ಅರ್ಥವಿದೆ, ಫ್ರೆಂಡ್ ಎಂಬ ಪದವೂ ಅದೇ ಬೇರಿನದು, ಸಂಸ್ಕೃತದ ‘ಪ್ರಿಯ’ ಅದರ ದಾಯಾದಿ. ಲಿಬರ್ಟಿ ಲ್ಯಾಟಿನ್ನಿನಿಂದ ಫ್ರೆಂಚಿಗೆ ಹೋಗಿ, 1066ರ ನಾರ್ಮನ್ ವಿಜಯದ ಬಳಿಕದ ಶತಮಾನಗಳಲ್ಲಿ ಇಂಗ್ಲಿಷಿಗೆ ಬಂದದ್ದು. ಅರಸನು ಸನ್ನದಿನ ಮೂಲಕ ಊರಿಗೋ ಮಠಕ್ಕೋ ಕೊಟ್ಟ ವಿಶೇಷ ಹಕ್ಕುಗಳನ್ನೂ ಲಿಬರ್ಟಿ ಎನ್ನುತ್ತಿದ್ದರು. ಹಾಗಾಗಿ ಅದಕ್ಕೆ ಇಂದಿಗೂ ಕಾನೂನಿನ ವಾಸನೆ. ಹಸಿವಿನಿಂದ, ಭಯದಿಂದ ಬಿಡುಗಡೆ ಎನ್ನುವಾಗ ಇಂಗ್ಲಿಷಿನವರ ಬಾಯಲ್ಲಿ ಬರುವುದು ಫ್ರೀಡಮ್. ಯಾರಾದರೂ ಅತಿಯಾಗಿ ಸಲಿಗೆ ತೆಗೆದುಕೊಂಡರೆ ಅದು ಲಿಬರ್ಟಿ!

ಇದು ಬರಿಯ ನಿಘಂಟಿನ ಮಾತಲ್ಲ. ನಮ್ಮ ಸಂವಿಧಾನದ 19ನೇ ವಿಧಿಯಲ್ಲಿ ಮಾತು, ಸಂಚಾರ ಮೊದಲಾದವುಗಳ ಫ್ರೀಡಮ್ ಇದೆ. 21ನೇ ವಿಧಿಯಲ್ಲಿರುವುದು ‘ಪರ್ಸನಲ್ ಲಿಬರ್ಟಿ’. ‘ಪರ್ಸನಲ್’ ಎಂಬ ವಿಶೇಷಣವನ್ನು ಸೇರಿಸಿದ್ದು ಕರಡು ಸಮಿತಿ. ಬರಿಯ ಲಿಬರ್ಟಿ ಎಂದರೆ ಆ ಫ್ರೀಡಮ್‌ಗಳೂ ಅದರೊಳಗೆ ಬಂದುಬಿಡಬಹುದೆಂಬುದು ಸಮಿತಿ ಕೊಟ್ಟ ಕಾರಣ.

1950ರಲ್ಲಿ, ಮುನ್ನೆಚ್ಚರಿಕೆಯ ಬಂಧನದಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಸುಪ್ರೀಂ ಕೋರ್ಟಿನ ಮೊರೆಹೋದರು. ಎರಡೂ ವಿಧಿಗಳು ಬೇರೆ ಬೇರೆ, ಒಂದನ್ನು ಇನ್ನೊಂದರೊಳಗೆ ಓದಲಾಗದು ಎಂದಿತು ಬಹುಮತದ ತೀರ್ಪು. ನ್ಯಾಯಮೂರ್ತಿ ಫಜಲ್ ಅಲಿ ಮಾತ್ರ, ಅವುಗಳ ನಡುವೆ ಅಂಥ ಗೋಡೆಯಿಲ್ಲವೆಂದು ಭಿನ್ನಮತ ಬರೆದರು. ಗೋಪಾಲನ್ ಜೈಲಿನಲ್ಲೇ ಉಳಿದರು.

ಆ ಗೋಡೆ 1970ರ ಬ್ಯಾಂಕ್ ರಾಷ್ಟ್ರೀಕರಣದ ಮೊಕದ್ದಮೆಯಲ್ಲಿ ಬಿರುಕುಬಿಟ್ಟಿತು. 1977ರಲ್ಲಿ ಸರ್ಕಾರ ಕಾರಣ ತಿಳಿಸದೆ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ವಶಪಡಿಸಿಕೊಂಡಿತು. ಮರುವರ್ಷ ಏಳು ನ್ಯಾಯಮೂರ್ತಿಗಳ ಪೀಠ, ಲಿಬರ್ಟಿಯ ವ್ಯಾಪ್ತಿ ದೊಡ್ಡದು, ಎರಡೂ ವಿಧಿಗಳನ್ನು ಜೊತೆಗೇ ಓದಬೇಕು, ಅದನ್ನು ಕಸಿಯುವ ಕ್ರಮ ನ್ಯಾಯವಾಗಿಯೂ ಇರಬೇಕು ಎಂದಿತು. ಇಂದು ಜೀವನೋಪಾಯ, ಖಾಸಗಿತನಗಳಿಗೆ 21ನೇ ವಿಧಿಯ ರಕ್ಷಣೆ ಸಿಗುತ್ತಿರುವುದು ಆ ಓದಿನಿಂದ.

ಸಂವಿಧಾನದ ಪ್ರಸ್ತಾವನೆಯನ್ನೊಮ್ಮೆ ತೆರೆದು ನೋಡಿ. 19ನೇ ವಿಧಿ ಫ್ರೀಡಮ್ ಎನ್ನುವ ಅಭಿವ್ಯಕ್ತಿಯನ್ನೇ ಅಲ್ಲಿ ಲಿಬರ್ಟಿ ಎನ್ನಲಾಗಿದೆ. ಕನ್ನಡದ ಓದುಗನಿಗೆ ಎರಡು ಕಡೆಯೂ ಕಾಣುವುದು ‘ಸ್ವಾತಂತ್ರ್ಯ’ವೇ. ಈ ಒಂದು ಸಂಗತಿಯಲ್ಲಿ ನಮ್ಮ ಭಾಷೆಯ ಪದದ ಕೊರತೆಯೂ ಒಂದು ಅನುಕೂಲವೇ.