ನಂಬಿಗಸ್ತನ ಗಸ್ತು

ಗದಗದ ಕಡೆಯ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಅವರ ಕ್ರೈಸ್ತ ಸಭೆಗೆ ಹೊಸ ಪಾಲಕರು ಬಂದರಂತೆ. ಸ್ವಾಗತ ಸಮಾರಂಭದ ಪತ್ರಿಕೆಯಲ್ಲಿ 'ದೇವರ ನಂಬಿಗಸ್ತ ಸೇವಕ' ಎಂದು ಅಚ್ಚಾಗಿತ್ತು. ಎಂಜಿನಿಯರಿಂಗ್ ಓದುವ ಮೊಮ್ಮಗ ಅದನ್ನು ನೋಡಿ, "ಅಜ್ಜಾ, ಸಾಲಗ್ರಸ್ತ ಅಂದ್ರ ಸಾಲಕ್ಕ ಸಿಕ್ಕಿಬಿದ್ದಾಂವ, ರೋಗಗ್ರಸ್ತ ಅಂದ್ರ ರೋಗಕ್ಕ. ಹಂಗಾದ್ರ ಇವರು ನಂಬಿಕಿಗೆ ಸಿಕ್ಕಿಬಿದ್ದವರೇನು?" ಎಂದು ಕೇಳಿದನಂತೆ. ಈ ಪಾದ್ರಿ ಕನ್ನಡ ಇನ್ನೆಷ್ಟು ದಿನ, 'ಪ್ರಾಮಾಣಿಕ' ಎಂದರೆ ಸಾಲದೇ ಎಂಬುದು ಅಜ್ಜನ ಪ್ರಶ್ನೆ.

ಸಾಲದು ಸ್ವಾಮಿ. 'ಪ್ರಾಮಾಣಿಕ'ದ ಗತಿ ಏನಾಗಿದೆ ನೋಡಿ. ಟೀವಿ ಚರ್ಚೆಗೆ ಕೂತವರೆಲ್ಲ 'ಪ್ರಾಮಾಣಿಕವಾಗಿ ಹೇಳಬೇಕೆಂದರೆ' ಎಂದೇ ಬಾಯಿ ತೆರೆಯುತ್ತಾರೆ. ಅಲ್ಲಿಯವರೆಗೆ ಹೇಳಿದ್ದು ಯಾವ ವಾಗಿ ಎಂದು ಕೇಳುವವರಿಲ್ಲ. 'ನಿಯತ್ತು' ಎಂಬ ಗಟ್ಟಿ ಮಾತಿತ್ತು, ಅದನ್ನು ಸಿನಿಮಾದವರು ನಾಯಿಗೆ ಬರೆದುಕೊಟ್ಟರು. ಉಳಿದಿರುವುದು 'ಲಾಯಲ್'. ಅದಕ್ಕೂ ಈಗ ಅಂಗಡಿಗಳಲ್ಲಿ ಕಾರ್ಡು ಕೊಡುತ್ತಾರೆ.

ಇನ್ನು 'ನಂಬಿಗಸ್ತ' ಎಂಬುದು ಪಾದ್ರಿಗಳು ಹುಟ್ಟಿಸಿದ ಪದ ಎಂಬುದನ್ನು ನಾನು ಒಪ್ಪಲಾರೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತಂದ ಕಾಲದಲ್ಲಾಗಲಿ, ಆಮೇಲೆ ಮಂಗಳೂರಿನ ಬಾಸೆಲ್ ಮಿಷನ್ನಿನವರು ಅಚ್ಚಿನ ಮೊಳೆ ಜೋಡಿಸಿದ ಕಾಲದಲ್ಲಾಗಲಿ, ದೊರೆಗಳ ಪಕ್ಕದಲ್ಲಿ ಮುನ್ಷಿಗಳು ಇದ್ದೇ ಇದ್ದರು. ಕಚೇರಿ, ಕಣಜ, ಕಡತ ಬಲ್ಲ ಜನ. ಪದ ಅವರ ಬಾಯಿಂದ ಜಾರಿ ಪವಿತ್ರ ಗ್ರಂಥಕ್ಕೆ ಬಿದ್ದಿದೆ ಎಂಬುದು ನನ್ನ ಅನುಮಾನ. ಪಂಡಿತರು ಇದನ್ನು ಗೃಹಸ್ಥ, ಮಧ್ಯಸ್ಥರ ಸಾಲಿಗೆ ಸೇರಿಸಿ, ಮಹಾಪ್ರಾಣ ಕೊಟ್ಟು ತಿದ್ದುತ್ತಾರೆ. ತಿದ್ದಿಕೊಳ್ಳಲಿ. ನನ್ನ ಸಿದ್ಧಾಂತ ಬೇರೆ: ಇದು ನಂಬಿ ಗಸ್ತಿಗೆ ಬಿಟ್ಟವನ ಹೆಸರು. ಊರು ಮಲಗಿದ ಮೇಲೆ ಲಾಟೀನು ಹಿಡಿದು ಬೀಗ ಮುಟ್ಟಿ ನೋಡುತ್ತಾ ಹೋಗುವವನೇ ನಂಬಿಗಸ್ತ. 'ಸ್ಥ' ಎಂದರೆ ನಿಂತಲ್ಲೇ ನಿಂತವನು, ಗಸ್ತಿನವನು ತಿರುಗುವವನು. ವ್ಯಾಕರಣ ಬಲ್ಲ ಗೆಳೆಯರೊಬ್ಬರು ಇದನ್ನು ಕೇಳಿ ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಆದರೆ ಲೂಕನ ಸುವಾರ್ತೆಯ 12ನೆಯ ಅಧ್ಯಾಯ ನನ್ನ ಪರವಾಗಿದೆ.

ಅಲ್ಲಿ ಯಜಮಾನ ಮದುವೆಗೆ ಹೋಗಿದ್ದಾನೆ. ಆಳುಗಳು ನಡು ಕಟ್ಟಿಕೊಂಡು, ದೀಪ ಹೊತ್ತಿಸಿಕೊಂಡು ಕಾಯಬೇಕು. ಅವನು ಎರಡನೆಯ ಜಾವಕ್ಕೆ ಬರುತ್ತಾನೋ ಮೂರನೆಯ ಜಾವಕ್ಕೋ ಗೊತ್ತಿಲ್ಲ. ಗಸ್ತೇ ತಾನೆ ಇದು? ಪೇತ್ರ ನಡುವೆ ಬಾಯಿ ಹಾಕಿ, ಈ ಮಾತು ನಮಗೋ ಎಲ್ಲರಿಗೋ ಎಂದು ಕೇಳುತ್ತಾನೆ. ಹಿಂದಿನ ಬೆಂಚಿನ ಹುಡುಗ ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳುವ ಧಾಟಿ. ಯೇಸು ನೇರ ಉತ್ತರ ಕೊಡುವುದಿಲ್ಲ. ಮನೆವಾರ್ತೆ ನೋಡಿಕೊಳ್ಳಲು ನೇಮಕವಾದ ಒಬ್ಬ ಆಳಿನ ಕಥೆ ತೆಗೆಯುತ್ತಾನೆ. ಅವನ ಕೆಲಸ ಒಂದೇ, ಉಳಿದ ಆಳುಗಳಿಗೆ ಹೊತ್ತಿಗೆ ಸರಿಯಾಗಿ ಪಡಿ ಅಳೆದುಕೊಡುವುದು. ಧಣಿ ಬರುವುದು ತಡ ಎಂದುಕೊಂಡು ಅವನು ಕೈಕೆಳಗಿನವರನ್ನು ಹೊಡೆದು, ತಾನು ತಿಂದು ಕುಡಿದು ಮತ್ತನಾದರೆ ಕೆಟ್ಟ.

ನಮ್ಮ 'ನಿಯತ್ತು' ಯಾವಾಗಲೂ ಮೇಲಕ್ಕೆ ನೋಡುತ್ತದೆ. ಸಾಹೇಬರಿಗೆ ನಿಯತ್ತು, ಪಕ್ಷಕ್ಕೆ ನಿಯತ್ತು, ಹೈಕಮಾಂಡಿಗೆ ನಿಯತ್ತು. ಈ ಕಥೆಯಲ್ಲಿ ಧಣಿ ಊರಲ್ಲೇ ಇಲ್ಲ, ಅವನ ಮುಂದೆ ಕೈಕಟ್ಟಿ ನಿಲ್ಲುವ ಅವಕಾಶವೂ ಇಲ್ಲ. ಹಾಗಿದ್ದ ಮೇಲೆ ಒಬ್ಬನನ್ನು ನಂಬಿಗಸ್ತ ಎಂದು ತೀರ್ಮಾನಿಸುವುದು ಹೇಗೆ? ಅಡುಗೆಮನೆಗೆ ಹೋಗಿ ಕೇಳಬೇಕು. ಆಳುಗಳ ಹೊಟ್ಟೆ ನೋಡಬೇಕು. ನಮ್ಮಲ್ಲಿ ಕೂಲಿಗೆ ಕಾಳು ಕೊಡುತ್ತಿದ್ದ ಕಾಲದಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಸೇರಿನ ಬಾಯಿಗೆ ಅಂಗೈ ಆನಿಸಿ ತಲೆ ಸವರಿ ಅಳೆಯುವವರಿದ್ದರು, ಕಾಳು ಗೋಪುರವಾಗಿ ತಾನೇ ಜಾರುವ ತನಕ ಬಿಡುವವರಿದ್ದರು. ಹೆಬ್ಬೆರಳನ್ನು ಸೇರಿನ ಒಳಗೇ ಇಟ್ಟುಕೊಂಡು ಅಳೆಯುವ ಮಹಾನುಭಾವರೂ ಇದ್ದರು. ಒಂದು ಹೆಬ್ಬೆರಳಿನಷ್ಟು ರಾಗಿ, ಅಷ್ಟೇ. ಧಣಿಗೆ ತಿಳಿಯುತ್ತಿರಲಿಲ್ಲ, ಸೆರಗು ಒಡ್ಡಿದವಳಿಗೆ ತಿಳಿಯುತ್ತಿತ್ತು.

ಹೀಬ್ರೂವಿನಲ್ಲಿ ಈ ಮಾತಿಗೆ ಇನ್ನೂ ಚಂದದ ನೆಂಟಸ್ತನವಿದೆ. ನಂಬಿಗಸ್ತ ಎಂಬುದಕ್ಕೆ ಅಲ್ಲಿ 'ನೆಎಮಾನ್'. ಪ್ರಾರ್ಥನೆಯ ಕೊನೆಗೆ ನಾವು ಅಭ್ಯಾಸಬಲದಿಂದ ಹೇಳುವ 'ಆಮೆನ್' ಅದೇ ಬೇರಿನದು. ಮಗುವನ್ನು ಎತ್ತಿ ಸಾಕುವವನಿಗೆ ಹೇಳುವ 'ಓಮೆನ್' ಕೂಡ ಅದೇ. ಬೈಬಲಿನ ಅರಣ್ಯಕಾಂಡದ 11ನೆಯ ಅಧ್ಯಾಯದಲ್ಲಿ ಜನ ಐಗುಪ್ತದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆದು ಗುಡಾರದ ಬಾಗಿಲಲ್ಲಿ ಕೂತು ಅಳುತ್ತಾರೆ. ಮೋಶೆ ರೇಗುತ್ತಾನೆ. ಇವರನ್ನೆಲ್ಲ ಹೆತ್ತವನು ನಾನೇನು, ಸಾಕುವವನು ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಅಪ್ಪಿಕೊಂಡು ಹೋಗಲು ಎಂದು ದೇವರ ಜೊತೆ ಜಗಳಕ್ಕೇ ನಿಲ್ಲುತ್ತಾನೆ. ಅಲ್ಲಿ ಬರುವುದು ಆ ಓಮೆನ್. ಮರು ಅಧ್ಯಾಯದಲ್ಲೇ ದೇವರು ಅವನನ್ನು ತನ್ನ ಇಡೀ ಮನೆಯಲ್ಲಿ ನೆಎಮಾನ್ ಎಂದು ಕರೆಯುತ್ತಾನೆ. ಗೊಣಗಿಕೊಂಡೇ ಎತ್ತಿಕೊಂಡವನಿಗೆ ಬಿರುದು. ಗೊಣಗುವ ಅಂಕಣಕಾರರಿಗೂ ಇದರಲ್ಲಿ ಸ್ವಲ್ಪ ಸಮಾಧಾನವಿದೆ.

ಇನ್ನು ನಂಬಿಗಸ್ತನ ತಿರುಗುಮುರುಗು. 'ಬೇಲಿಯೇ ಎದ್ದು ಹೊಲ ಮೇಯ್ದರೆ' ಎಂಬ ಗಾದೆಯನ್ನು ಹಗರಣ ಹೊರಬಿದ್ದಾಗಲೆಲ್ಲ ಪತ್ರಿಕೆಗಳು ಶೀರ್ಷಿಕೆ ಮಾಡುತ್ತವೆ. ಬರೆಯುವವರ ತಲೆಯಲ್ಲಿರುವುದು ತಂತಿ ಬೇಲಿ. ತಂತಿ ಮೇಯುವುದೆಂದರೆ ಬರೀ ಉತ್ಪ್ರೇಕ್ಷೆ. ಗಾದೆ ಕಟ್ಟಿದ ರೈತನ ಕಣ್ಣೆದುರು ಇದ್ದದ್ದು ಹಸಿರು ಬೇಲಿ. ಕಳ್ಳಿ, ಲಕ್ಕಿ, ಕತ್ತಾಳೆ. ಅದು ನಿಜವಾಗಿಯೂ ಮೇಯುತ್ತದೆ. ಮೊದಲ ಮಳೆಗೆ ಚಿಗುರುತ್ತದೆ, ಬೇರು ಒಳಕ್ಕೆ ಬಿಡುತ್ತದೆ, ಬೆಳೆಯ ನೀರು ಕುಡಿಯುತ್ತದೆ. ನೆರಳು ಬಿದ್ದ ಮೊದಲ ಸಾಲು ಜೋಳ ಮೊಣಕಾಲುದ್ದಕ್ಕೇ ನಿಲ್ಲುತ್ತದೆ. ವರ್ಷಕ್ಕೆ ಒಂದು ಸಾಲು ಹೋದರೆ ಯಾರ ಗಮನಕ್ಕೂ ಬರುವುದಿಲ್ಲ, ಮಗನ ಕಾಲಕ್ಕೆ ನೇಗಿಲು ತಿರುಗಿಸುವ ಜಾಗವೇ ಬೇಲಿಯ ಪಾಲು. ಇಷ್ಟಾದರೂ ದನ ಒಳಗೆ ಬಂದಿರುವುದಿಲ್ಲ! ಬೇಲಿ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಅದನ್ನು ಕಡಿಯೋಣವೆಂದರೆ ಕಾವಲಿಗೇನು ಮಾಡುವುದು ಎಂದು ಹೆದರಿಸುತ್ತಾರೆ. ಗಾದೆಯ ಜೀವ ಇರುವುದು 'ಎದ್ದು' ಎಂಬ ಎರಡಕ್ಷರದಲ್ಲಿ. ಕೂತಲ್ಲಿ ಕೂರಬೇಕಾದದ್ದು ಎದ್ದಿತು. ಶೀರ್ಷಿಕೆಗೆ ಜಾಗ ಸಾಲದೆಂದು ಆ 'ಎದ್ದು'ವನ್ನೇ ಕತ್ತರಿಸಿ 'ಬೇಲಿಯೇ ಹೊಲ ಮೇಯ್ದಾಗ' ಎಂದು ಹಾಕುವ ಉಪಸಂಪಾದಕರಿಗೆ ಒಂದು ವರ್ಷ ಹೊಲದ ಕೆಲಸ ಕೊಡಬೇಕು.

ಪ್ರವಾದಿ ಯೆಹೆಜ್ಕೇಲನ ಗ್ರಂಥದ 34ನೆಯ ಅಧ್ಯಾಯ ಈ ಗಾದೆಯ ದಾಯಾದಿ. ಇಸ್ರೇಲಿನ ನಾಯಕರೆಂಬ ಕುರುಬರು ಕುರಿಯ ಕೊಬ್ಬು ತಿಂದರು, ಉಣ್ಣೆ ಹೊದ್ದರು, ಕೊಬ್ಬಿದ್ದನ್ನು ಕೊಯ್ದರು, ಮಂದೆಯನ್ನು ಮಾತ್ರ ಮೇಯಿಸಲಿಲ್ಲ ಎಂಬುದು ಅಲ್ಲಿಯ ಆರೋಪಪಟ್ಟಿ. ಮುರಿದ ಕಾಲಿಗೆ ಕಟ್ಟು ಹಾಕಲಿಲ್ಲ, ತಪ್ಪಿಸಿಕೊಂಡದ್ದನ್ನು ಹುಡುಕಲಿಲ್ಲ ಎಂದು ಒಂದೊಂದನ್ನೂ ಹೆಸರಿಟ್ಟು ಎಣಿಸುತ್ತಾನೆ. ಪ್ರಾಮಾಣಿಕತೆಯ ಕೊರತೆ ಎಂಬಂಥ ತೆಳು ಮಾತು ಅವನಲ್ಲಿಲ್ಲ.

ಗದಗದ ಮೊಮ್ಮಗನಿಗೆ 'ಟ್ಯಾಲೆಂಟ್' ಚೆನ್ನಾಗಿ ಗೊತ್ತಿರಬೇಕು, ಟೀವಿಯಲ್ಲಿ ಅದರದೇ ಸುಗ್ಗಿ. ಆ ಪದ ಬಂದದ್ದೂ ನಂಬಿಗಸ್ತ ಆಳುಗಳ ಕಥೆಯಿಂದಲೇ, ಮತ್ತಾಯನ 25ನೆಯ ಅಧ್ಯಾಯದಿಂದ. ಕನ್ನಡ ಸಭೆಗಳ ಹಿರಿಯರು ಇವತ್ತಿಗೂ 'ತಲಾಂತು' ಎನ್ನುತ್ತಾರೆ. ಮೂಲದಲ್ಲಿ ಅದು ಬೆಳ್ಳಿಯ ತೂಕ, ಒಂದು ತಲಾಂತೆಂದರೆ ಕೂಲಿಯವನ ಸುಮಾರು 20 ವರ್ಷದ ದುಡಿಮೆ. ಧಣಿಯ ದುಡ್ಡು, ಲೆಕ್ಕ ಒಪ್ಪಿಸಬೇಕಾದ ದುಡ್ಡು. ಈಗ ಸ್ವಂತ ಆಸ್ತಿಯಾಗಿ, ಕುಣಿದು ತೋರಿಸುವ ವಸ್ತುವಾಗಿದೆ.

ಲೆಕ್ಕ ಎಂದಾಗ ಪೌಲ ನೆನಪಾಗುತ್ತಾನೆ. ಯೆರೂಸಲೇಮಿನ ಬಡವರಿಗೆಂದು ಅವನು ಊರೂರಲ್ಲಿ ಚಂದಾ ಎತ್ತಿದ್ದ. ಕೊರಿಂಥದ ಪಾಲನ್ನು ಕೂಡಿಸಲು ತನ್ನ ಸಂಗಡಿಗ ತೀತನನ್ನು ಕಳಿಸುವಾಗ ಜೊತೆಗೆ ಇನ್ನಿಬ್ಬರನ್ನೂ ಕಳಿಸಿದ, ಅವರಲ್ಲಿ ಒಬ್ಬನನ್ನು ಸಭೆಗಳೇ ಆರಿಸಿದ್ದವು. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೆರಳು ತೋರಿಸುವಂತಾಗಬಾರದು, ದೇವರ ಮುಂದೆ ಸರಿಯಿದ್ದರೆ ಸಾಲದು, ಮನುಷ್ಯರ ಮುಂದೆಯೂ ಸರಿಯಿರಬೇಕು ಎಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಕಾರಣವನ್ನೂ ಕೊಟ್ಟ. ನಮ್ಮ ಸಮಿತಿಗಳಲ್ಲಿ, ಅದು ಸಭೆಯದಾಗಲಿ ಗುಡಿಯದಾಗಲಿ ಹೌಸಿಂಗ್ ಸೊಸೈಟಿಯದಾಗಲಿ, ಯಾರಾದರೂ ಎದ್ದು ಲೆಕ್ಕದ ಪುಸ್ತಕ ಕೇಳಿದರೆ ಬರುವ ಉತ್ತರ ಒಂದೇ: "ಯಾಕ್ರೀ, ನಮ್ಮ ಮೇಲೆ ನಂಬಿಕೆ ಇಲ್ವಾ?"