ಗೇಟಿನ ಮುಂದಿನ ಜಾಗ ಯಾರದು?

ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ಹಿಂದೆ ಒಂದು ಸಣ್ಣ ಓಣಿ ಇರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಕನ್ಸರ್ವೆನ್ಸಿ ಲೇನ್ ಎಂದು ಹೆಸರು. 1898ರಲ್ಲಿ ಪ್ಲೇಗು ಬೆಂಗಳೂರಿನ ಪೇಟೆಯನ್ನು ನಡುಗಿಸಿದ ಮೇಲೆ, ಗಾಳಿ ಬೆಳಕು ಆಡುವಂತೆ ಅಗಲವಾದ ನೇರ ರಸ್ತೆಗಳನ್ನು ಎಳೆದು ಈ ಎರಡು ಬಡಾವಣೆಗಳನ್ನು ಕಟ್ಟಿದರು. ಹಿತ್ತಿಲ ಕಕ್ಕಸುಗಳಿಂದ ಮಲ ಹೊತ್ತೊಯ್ಯುವವರು ಓಡಾಡಲು ಹಿಂದಿನ ಓಣಿ. ಮನೆಯವರು, ನೆಂಟರು, ದೇವರ ಉತ್ಸವ ಓಡಾಡಲು ಮುಂದಿನ ಬೀದಿ. ಬೀದಿಯನ್ನು ಯಾರು ಬಳಸಬೇಕು, ಯಾರು ಬಳಸಬಾರದು ಎನ್ನುವುದನ್ನು ನಕ್ಷೆಯಲ್ಲೇ ತೀರ್ಮಾನಿಸಿದ್ದ ಕಾಲ ಅದು. ಈಗ ಆ ಓಣಿಗಳಲ್ಲಿ ಬಹುಪಾಲು ಸ್ಕೂಟರು, ಕಾರು ನಿಂತಿರುತ್ತವೆ.

ಆ ನಕ್ಷೆ ಬರೆದವರು ಪಾರ್ಕಿಗೆ, ಮಾರುಕಟ್ಟೆಗೆ ಜಾಗ ಬಿಟ್ಟರು. ಮನೆಮನೆಗೂ ಕಾರು ಬರುತ್ತದೆಂದು ಎಣಿಸಲಿಲ್ಲ; ಎಣಿಸಲು ಕಾರಣವೂ ಇರಲಿಲ್ಲ. 1948ರಲ್ಲಿ ಶುರುವಾದ ಜಯನಗರದಲ್ಲೂ ಕಾರು ಉಳ್ಳವರ ಮನೆಗೆ ಮಾತ್ರ ಪಕ್ಕದಲ್ಲೊಂದು ಶೆಡ್ಡು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಆಮೇಲೆ ಸಾಲ ಕೊಡುವ ಬ್ಯಾಂಕುಗಳು ಬಂದವು. ಇಂದು ನಗರದಲ್ಲಿ ನೋಂದಣಿಯಾದ ವಾಹನಗಳು 1 ಕೋಟಿ ದಾಟಿವೆ.

ಲೆಕ್ಕ ಸರಳ. 30-40 ಸೈಟಿನ ಮುಂಭಾಗ 30 ಅಡಿ. ಗೇಟಿಗೆ 10 ಅಡಿ ಬಿಟ್ಟರೆ ಉಳಿದದ್ದರಲ್ಲಿ ಒಂದು ಕಾರು ನಿಲ್ಲುತ್ತದೆ. ಅದೇ ಸೈಟಿನಲ್ಲಿ ಒಂದು ಸಂಸಾರದ ಹಂಚಿನ ಮನೆ ಹೋಗಿ ನಾಲ್ಕು ಮಹಡಿ ಎದ್ದಿದೆ. ರಸ್ತೆಯ ಅಗಲ ಮಾತ್ರ ಅಷ್ಟೇ ಇದೆ. ಉಳಿದ ಮೂರು ಮನೆಯ ಕಾರುಗಳು ಎದುರುಮನೆಯ ಗೇಟಿನ ಮುಂದೆ ನಿಲ್ಲುತ್ತವೆ, ಎದುರುಮನೆಯವರು ಹೂವಿನ ಕುಂಡ, ಚಪ್ಪಡಿ ಕಲ್ಲು ಇಡುತ್ತಾರೆ, 'ನೋ ಪಾರ್ಕಿಂಗ್' ಬೋರ್ಡಿನ ಕೆಳಗೆ ಗಾಳಿ ತೆಗೆಯುತ್ತೇವೆಂದು ಬರೆಸುತ್ತಾರೆ. ನಾಲ್ಕು ತಲೆಮಾರಿನ ಸ್ನೇಹ ಒಂದು ಬಂಪರಿನ ಗೀರಿಗೆ ಮುರಿದದ್ದನ್ನು ಹಳೆ ಬೆಂಗಳೂರಿನವರು ಯಾರೂ ಹೇಳಿಯಾರು.

ಇಂಥ ಜಗಳ ಕೂತು ಬಗೆಹರಿಸಲು ಒಂದು ಜಾಗ ಬೇಕಲ್ಲ. ಕಾಗದದ ಮೇಲೆ ಅದು ಬಹಳ ಹಿಂದೆಯೇ ಹುಟ್ಟಿತ್ತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದಿತು. ಪ್ರತಿ ವಾರ್ಡಿಗೂ ಸಮಿತಿ ಎಂಬ ಕಾಯ್ದೆ ಕರ್ನಾಟಕದಲ್ಲಿ ಆಗಿದ್ದು 2011ರಲ್ಲಿ. ಅದಕ್ಕೆ ಜೀವ ಬಂದದ್ದು ಕಸದಿಂದ! 2012ರಲ್ಲಿ ಬೀದಿಬೀದಿಯಲ್ಲಿ ಕಸ ಕೊಳೆತು, ಮಂಡೂರಿನ ಜನ ಲಾರಿಗಳಿಗೆ ಅಡ್ಡ ನಿಂತ ಮೇಲೆ, ಹೈಕೋರ್ಟು ವಾರ್ಡ್ ಸಮಿತಿ ಎಲ್ಲಿ ಎಂದು ಕೇಳತೊಡಗಿತು. ಅದರ ನಂತರವೂ ವರ್ಷಗಳು ಹಿಡಿದು, ಕೊನೆಗೆ ತಿಂಗಳ ಮೊದಲ ಶನಿವಾರ ಸಭೆ ಎಂಬ ವಾಡಿಕೆ ಬಂತು.

ಕಸಕ್ಕೆಂದು ಕರೆದ ಸಭೆಯಲ್ಲಿ ಜನ ಪಾರ್ಕಿಂಗ್ ಮಾತು ತೆಗೆದರು. ಎಂಜಿನಿಯರು ಅದು ಟ್ರಾಫಿಕ್ ಪೊಲೀಸರ ಕೆಲಸವೆಂದರು. ಪೊಲೀಸರನ್ನು ಕೇಳಿದರೆ, ನೆಲಮಾಳಿಗೆಯ ಪಾರ್ಕಿಂಗನ್ನು ಅಂಗಡಿ ಮಾಡಿಕೊಂಡದ್ದಕ್ಕೆ ಪಾಲಿಕೆಯೇ ಉತ್ತರ ಕೊಡಬೇಕು. ಇಬ್ಬರ ಮಾತೂ ಸುಳ್ಳಲ್ಲ. ಆದರೂ ಒಂದು ಬೀದಿಯ ಜನ ಒಂದೇ ಕೋಣೆಯಲ್ಲಿ ಕೂತು, ಎಡಬದಿ ಒಂದು ದಿನ ಬಲಬದಿ ಒಂದು ದಿನ ನಿಲ್ಲಿಸೋಣವೇ, ಆಂಬುಲೆನ್ಸ್ ತಿರುಗಲು ಮೂಲೆ ಖಾಲಿ ಬಿಡೋಣವೇ ಎಂದು ಚರ್ಚಿಸಲು ಬೇರೆ ಸರ್ಕಾರಿ ವೇದಿಕೆ ಇರಲಿಲ್ಲ.

2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಕೌನ್ಸಿಲಿನ ಅವಧಿ ಮುಗಿಯಿತು. ಚುನಾವಣೆ ನಡೆಯಲಿಲ್ಲ. ಕಾರ್ಪೊರೇಟರ ಕುರ್ಚಿಯಲ್ಲಿ ನೋಡಲ್ ಅಧಿಕಾರಿ ಕೂತರು. ಮರುವರ್ಷವೇ, 2021ರ ಫೆಬ್ರುವರಿಯಲ್ಲಿ, ಸರ್ಕಾರ ಪಾರ್ಕಿಂಗ್ ನೀತಿ 2.0ಕ್ಕೆ ಒಪ್ಪಿಗೆ ಕೊಟ್ಟಿತು: ಮನೆ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸಲು ಪರ್ಮಿಟ್ಟು, ವರ್ಷಕ್ಕೆ ಸಣ್ಣ ಕಾರಿಗೆ 1,000 ರೂಪಾಯಿ, ದೊಡ್ಡದಕ್ಕೆ 5,000ದವರೆಗೆ. ಕಂದಾಯ ಕಟ್ಟುತ್ತೇವೆ, ರಸ್ತೆ ತೆರಿಗೆ ಕಟ್ಟಿದ್ದೇವೆ, ಮತ್ತೆ ಇದೇನು ಎಂದು ಜನ ಸಿಟ್ಟಾದರು. ನನ್ನ ಪ್ರಕಾರ ಆ ಸಿಟ್ಟು ಅರ್ಧ ಮಾತ್ರ ನ್ಯಾಯ. ಸೈಟಿಗೆ ಕಂದಾಯ ಕಟ್ಟಿದವನಿಗೆ ರಸ್ತೆ ಸೇರುವುದಿಲ್ಲ. ನೂರು ಚದರಡಿ ಸಾರ್ವಜನಿಕ ನೆಲವನ್ನು ಹಗಲೂ ರಾತ್ರಿ ಬಿಟ್ಟಿ ಬಳಸುವುದು ಕಾರಿಲ್ಲದವರ ಮೇಲೆ ಹೊರಿಸಿದ ಖರ್ಚು. ಆದರೆ ಬೀದಿಬೀದಿಗೆ ಪ್ರದೇಶವಾರು ಯೋಜನೆ ಬೇಕೆನ್ನುವ ನೀತಿ ಬಂದ ಹೊತ್ತಿಗೇ, ಆ ಯೋಜನೆಗೆ ಹೊಣೆ ಹೊರಬೇಕಾದ ಚುನಾಯಿತ ಪ್ರತಿನಿಧಿ ಇರಲಿಲ್ಲ. ಆ ಸಿಟ್ಟಿನ ಉಳಿದರ್ಧ ಇಲ್ಲಿದೆ.

ಇದ್ದ ಸಭೆಯಲ್ಲಾದರೂ ಯಾರಿದ್ದರು? ಕಾಯ್ದೆಯ ಪ್ರಕಾರ ಕಾರ್ಪೊರೇಟರ ಜೊತೆ 10 ಮಂದಿ. ಅದರಲ್ಲಿ ಕನಿಷ್ಠ 3 ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದ ಇಬ್ಬರು, ನಿವಾಸಿ ಸಂಘಗಳ ಇಬ್ಬರು. ನಿವಾಸಿ ಸಂಘವೆಂದರೆ ಸಾಮಾನ್ಯವಾಗಿ ಮನೆ ಮಾಲೀಕರು. ಬಾಡಿಗೆಯವರಿಗೆ, ಮೂಲೆಯ ಹೂವಿನವಳಿಗೆ, ಪಿಜಿಯಲ್ಲಿರುವ ಹುಡುಗರಿಗೆ ಹೆಸರಿಟ್ಟು ಮೀಸಲಾದ ಸ್ಥಾನವಿರಲಿಲ್ಲ. ಪಾರ್ಕಿಂಗ್ ದೂರುಗಳಲ್ಲಿ ಮೊದಲು ಕೇಳುವುದು ಪಿಜಿ ಹುಡುಗರ ಬೈಕಿನ ಸುದ್ದಿ. ಮಾಲೀಕರ ಎರಡನೇ ಕಾರಿನ ಸುದ್ದಿ ನಿಧಾನಕ್ಕೆ ಬರುತ್ತದೆ.

2011ರ ಕಾಯ್ದೆಯಲ್ಲಿ ಇನ್ನೊಂದು ಸಭೆಯೂ ಇದೆ, ಏರಿಯಾ ಸಭೆ. ಗ್ರಾಮಸಭೆಯ ನಗರದ ತಮ್ಮನಂತೆ. ಅದಕ್ಕೆ ಮನೆ ಮಾಲೀಕನಾಗಬೇಕಿಲ್ಲ, ಆ ಮತಗಟ್ಟೆಯ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಬಾಡಿಗೆಯವರೂ ಸದಸ್ಯರೇ. ಬೆಂಗಳೂರಿನಲ್ಲಿ ಅದು ಹೆಸರಿಗಷ್ಟೇ ಉಳಿಯಿತು. 2025ರಲ್ಲಿ ಬಿಬಿಎಂಪಿಯೇ ಹೋಗಿ ನಗರಕ್ಕೆ ಐದು ಪಾಲಿಕೆಗಳಾದವು, ವಾರ್ಡಿನ ಗಡಿಗಳನ್ನು ಮತ್ತೆ ಎಳೆದರು. ಏರಿಯಾ ಸಭೆ ನಾಳೆಯೇ ಸೇರಿದರೂ ರಾಯಚೂರಿನಿಂದ ಬಂದ ಪಿಜಿ ಹುಡುಗನಿಗೆ ಅಲ್ಲಿ ಕೈ ಎತ್ತಲಾಗದು. ಅವನ ಬೈಕು ಇಲ್ಲಿ, ಹೆಸರು ಊರಿನ ಪಟ್ಟಿಯಲ್ಲಿ.